ಯೇಸುವಿಗೆ ಎತ್ತಿಟ್ಟ ತುಂಡು

ನಮ್ಮ ಮನೆಯಲ್ಲಿ ತಿಂಗಳಿಗೊಂದು ಶನಿವಾರ ಮಗ್ಗ ಮಧ್ಯಾಹ್ನಕ್ಕೇ ನಿಂತುಬಿಡುತ್ತಿತ್ತು. ಬನಹಟ್ಟಿಯ ನಮ್ಮ ಓಣಿಯಲ್ಲಿ ಹಗಲು ಹೊತ್ತು ಮಗ್ಗದ ಸದ್ದು ನಿಂತಿತೆಂದರೆ ಆ ಮನೆಯಲ್ಲಿ ಯಾರೋ ಸತ್ತಿರಬೇಕು, ಇಲ್ಲವೇ ಯಾರದೋ ಮದುವೆ ಇರಬೇಕು. ಎರಡೂ ಇಲ್ಲದೆ ನಿಲ್ಲಿಸುತ್ತಿದ್ದವರು ನಾವೊಬ್ಬರೇ. ಅಪ್ಪ ಮಗ್ಗದ ಕುಣಿಯಿಂದ ಮೇಲೆದ್ದು ಮೈಗೆ ಅಂಟಿದ ನೂಲಿನ ಧೂಳು ಕೊಡವಿಕೊಳ್ಳುತ್ತಿದ್ದ. ಅವ್ವ ತಲೆ ತೊಳೆದುಕೊಂಡು, ಒದ್ದೆ ಕೂದಲಿಗೆ ಬಟ್ಟೆ ಸುತ್ತಿ, ಉಪ್ಪು ಹಾಕದ ಗೋಧಿ ಹಿಟ್ಟು ನಾದಲು ಕೂಡುತ್ತಿದ್ದಳು. ಉಳಿದ ದಿನವೆಲ್ಲ ನಮ್ಮದು ಜೋಳದ ರೊಟ್ಟಿಯ ಮನೆ. ಗೋಧಿ ಕಾಣುತ್ತಿದ್ದದ್ದು ಹಬ್ಬಕ್ಕೆ ಮತ್ತು ಈ ಶನಿವಾರಕ್ಕೆ. ಪಕ್ಕದ ಒಲೆಯ ಮೇಲೆ ಒಣದ್ರಾಕ್ಷಿ ಕುದಿಯುತ್ತಿತ್ತು. ಅದನ್ನು ಹಿಂಡಿ, ಸೋಸಿ, ಶೀಸೆಗೆ ಹಾಕಿ, ಶೀಸೆಯನ್ನು ನೀರಿನ ಗಡಿಗೆಯ ಪಕ್ಕ ತಂಪಿಗೆ ಇಡುತ್ತಿದ್ದಳು. ಮರುದಿನ ಮುಧೋಳದ ಬಸ್ಸಿಗೆ ಪಾದ್ರಿ ಅಯ್ಯನವರು ಬಂದು, ಆ ಚಪಾತಿ ಮುರಿದು, ಆ ರಸ ಲೋಟಕ್ಕೆ ಸುರಿದು, ನಮ್ಮ ಸಣ್ಣ ಸಭೆಗೆ ಕರ್ತನ ಭೋಜನ ಕೊಡುತ್ತಿದ್ದರು. ನಮ್ಮಪ್ಪ ಸಭೆಯ ಹಿರಿಯರಲ್ಲಿ ಒಬ್ಬ. ಆದ್ದರಿಂದ ರೊಟ್ಟಿ, ರಸ ಎರಡೂ ನಮ್ಮ ಮನೆಯ ಪಾಲಿಗೆ ಬಂದಿದ್ದವು. ಗೋಡೆಯ ಆಚೆ ಗೌರಕ್ಕನ ಮನೆ. ಅವರೂ ನೇಕಾರರು, ಆದರೆ ಕ್ರೈಸ್ತರಲ್ಲ. ನಮ್ಮ ಮಗ್ಗ ನಿಂತದ್ದೇ ಅವಳ ಕೂಗು ಬರುತ್ತಿತ್ತು.

"ಏನ್ಬೇ ಮಾರ್ತಾ, ನಾಳಿ ನಿಮ್ಮ ದೇವ್ರ ಊಟ ಏನು?"

"ಹೂನ್ಬೇ ಅಕ್ಕಾ."

"ತಿಂಗಳಾ ತಿಂಗಳಾ ಉಣಸ್ತೀರಿ. ನಮ್ಮ ಸತ್ತ ಹಿರೇರ ವರ್ಷಕ್ಕೊಮ್ಮಿ ಉಂಡ ಸುಮ್ಮಿರ್ತಾವ ನೋಡು!"

ಅವ್ವ ನಗುತ್ತಿದ್ದಳು. ಅಪ್ಪ ನಗುತ್ತಿರಲಿಲ್ಲ. ನಾನು ಒಲೆಯ ಮುಂದೆ ಕೂತು, ಹರಿದ ಚಪಾತಿ ಯಾವುದಾದರೂ ಬರುತ್ತದೋ ಎಂದು ಕಾಯುತ್ತಿದ್ದೆ. ಹರಿದದ್ದು ಸಭೆಗೆ ಹೋಗುತ್ತಿರಲಿಲ್ಲ, ನನ್ನ ಹೊಟ್ಟೆಗೆ ಹೋಗುತ್ತಿತ್ತು. ಒಮ್ಮೊಮ್ಮೆ ಬರದೇ ಇದ್ದಾಗ ನಾನೇ ಬೆರಳು ಚುಚ್ಚಿ ಹರಿಯುತ್ತಿದ್ದೆ. ಹಾಗೊಂದು ದಿನ ಬಾಯಿಗೆ ಹಾಕಿಕೊಂಡ ಮೇಲೆ ಭಯವಾಗಿ ಕೇಳಿದೆ, ಇದು ಯೇಸುಸ್ವಾಮಿಯ ಮೈಯಾ ಅಂತ. ಭಾನುವಾರ ಅಯ್ಯನವರು ಹಾಗೆ ಹೇಳುವುದನ್ನು ಕೇಳಿದ್ದೆನಲ್ಲ.

"ಅಯ್ಯನವರು ಪ್ರಾರ್ಥನಿ ಮಾಡೂತನಾ ಇದು ಬರೇ ಚಪಾತಿ" ಎಂದಳು ಅವ್ವ.

"ಮಾಡಿದ ಮ್ಯಾಲೆ?"

"ನಿಮ್ಮಪ್ಪನ್ನ ಕೇಳು. ನನಗ ಹಂಚು ಸುಡಾಕತ್ತೈತಿ."

ಅಪ್ಪನನ್ನು ಕೇಳಿದೆ. ಪ್ರಾರ್ಥನೆ ಮಾಡಿದ ಮೇಲೂ ಚಪಾತಿಯೇ, ಆದರೆ ನೆನಪಿನ ಚಪಾತಿ ಎಂದ. ಸಾಯುವ ಮುಂಚೆ ಯೇಸುಸ್ವಾಮಿ ತನ್ನ ಶಿಷ್ಯರಿಗೆ ರೊಟ್ಟಿ ಮುರಿದು ಕೊಟ್ಟು, ನನ್ನನ್ನು ನೆನಸಿಕೊಂಡು ಹೀಗೇ ಮಾಡುತ್ತಿರಿ ಎಂದಿದ್ದಾನೆ, ಅದಕ್ಕೇ ಮಾಡುತ್ತೇವೆ ಎಂದ. ನಾನು ಯೇಸುಸ್ವಾಮಿಯನ್ನು ನೋಡಿರಲಿಲ್ಲ. ನೋಡದವರನ್ನು ನೆನಪು ಮಾಡಿಕೊಳ್ಳುವುದು ಹೇಗೆ? ಅವ್ವನ ಅವ್ವ ನಾನು ಹುಟ್ಟುವ ಮುಂಚೆಯೇ ಸತ್ತಿದ್ದಳು. ಎಷ್ಟು ತಿಣುಕಿದರೂ ಅವಳ ನೆನಪು ನನಗೆ ಬರುತ್ತಿರಲಿಲ್ಲ, ಬರೀ ಅವಳ ಬಗ್ಗೆ ಅವ್ವ ಹೇಳಿದ್ದು ಬರುತ್ತಿತ್ತು. ಇದನ್ನು ಅಪ್ಪನಿಗೆ ಹೇಳಿದಾಗ, ದೊಡ್ಡವಳಾದ ಮೇಲೆ ತಿಳಿಯುತ್ತದೆ ಎಂದ. ದೊಡ್ಡವಳಾದೆ, ಮುದುಕಿಯೂ ಆದೆ. ಈಗ ಬೆರಳಿನಿಂದ ಫೋನಿನ ಮೇಲೆ ಒತ್ತಿ ಒತ್ತಿ ಬರೆಯುವಷ್ಟು ಶಾಣ್ಯಾಳೂ ಆಗಿದ್ದೇನೆ. ಅದೊಂದು ಮಾತ್ರ ಪೂರ್ತಿ ತಿಳಿದಿಲ್ಲ.

ಆಯಿ ಎಂದರೆ ಅಪ್ಪನ ತಾಯಿ. ಸಭೆಯಲ್ಲಿ ಅವಳ ಹೆಸರು ನವೋಮಿ, ಓಣಿಯಲ್ಲಿ ನೀಲವ್ವ. ಯಾರಾದರೂ ನವೋಮಿ ಎಂದು ಕರೆದರೆ ತನ್ನ ಹಿಂದೆ ಇನ್ಯಾರೋ ಇದ್ದಾರೆಂದು ತಿರುಗಿ ನೋಡುತ್ತಿದ್ದಳು. ಅಜ್ಜ ಯೌವನದಲ್ಲಿ ಸುವಾರ್ತೆ ಹೇಳುವವರ ಮಾತು ಕೇಳಿ ಮನಸ್ಸು ಕೊಟ್ಟು ದೀಕ್ಷಾಸ್ನಾನ ಮಾಡಿಸಿಕೊಂಡಿದ್ದನಂತೆ. ಅಜ್ಜ ಮುಂದೆ ನಡೆದ, ಆಯಿ ಅವನ ಹಿಂದೆ ನಡೆದಳು, ಆದರೆ ಬರುವಾಗ ಹಳೆಯ ಮನೆಯಿಂದ ಏನೇನೋ ಸೆರಗಿನಲ್ಲಿ ಕಟ್ಟಿಕೊಂಡೇ ಬಂದಳು. ನಮ್ಮ ನಡುಮನೆಯ ಗೋಡೆಯಲ್ಲಿ ಒಂದು ಮಾಡ ಇತ್ತು. ಮುಂಚೆ ಅಲ್ಲಿ ದೇವರುಗಳಿದ್ದವು, ಈಗ ಬೈಬಲ್ ಇತ್ತು. ಆಯಿ ಶುಕ್ರವಾರ ಶುಕ್ರವಾರ ಆ ಮಾಡವನ್ನು ಸಾರಿಸಿ ಬೈಬಲ್ಲಿನ ಮುಂದೆ ಒಂದು ಕಣಗಿಲೆ ಹೂವು ಇಡುತ್ತಿದ್ದಳು. ಅಪ್ಪ ಅದನ್ನು ತೆಗೆದು ಕಿಟಕಿಯಿಂದ ಆಚೆ ಹಾಕುತ್ತಿದ್ದ. ಇಬ್ಬರೂ ಆ ವಿಷಯ ಮಾತಾಡುತ್ತಿರಲಿಲ್ಲ. ಮಾತಾಡದೇ ಅದು ವರ್ಷಗಟ್ಟಲೆ ನಡೆದಿತ್ತು. ನನಗೆ ಮಾತ್ರ ಆಯಿ ಒಂದು ಮಾತನ್ನು ಪದೇ ಪದೇ ಹೇಳುತ್ತಿದ್ದಳು. ನಾನು ಮೊದಲ ಸಲ ಕರ್ತನ ಭೋಜನ ತೆಗೆದುಕೊಳ್ಳುವ ದಿನ ನನ್ನ ಮಗ್ಗುಲಲ್ಲಿ ಮೊಣಕಾಲೂರಿ ತಾನೂ ತೆಗೆದುಕೊಳ್ಳಬೇಕು, ಅಷ್ಟಾದರೆ ತನಗೆ ಸಾಕು.

ನಮ್ಮ ಸಭೆ ಕೂಡುತ್ತಿದ್ದ ಕೋಣೆ ಹಿಂದೆ ನೂಲಿನ ಗೋದಾಮಾಗಿತ್ತು. ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ, ಎಲ್ಲರೂ ಜಮಖಾನದ ಮೇಲೆ. ಆಯಿಯದು ಹಿಂದೆ, ಕಿಟಕಿಯ ಕೆಳಗಿನ ಜಾಗ. ಭೋಜನದ ಹೊತ್ತಿಗೆ ಸಾಲಾಗಿ ಮುಂದೆ ಹೋಗಿ ಮೊಣಕಾಲೂರುವುದು, ಅಂಗೈಯಲ್ಲಿ ತುಂಡು ಇಸಿದುಕೊಂಡು ತಿನ್ನುವುದು, ಲೋಟದಿಂದ ಗುಟುಕು ಕುಡಿದು ಎದ್ದು ಬರುವುದು. ಒಂದು ಭಾನುವಾರ ಎಲ್ಲ ಮುಗಿದು ಕಿಟಕಿ ಮುಚ್ಚಲು ಹೋದ ದೇವಪುತ್ರ ಮಾಸ್ತರರು ಅಲ್ಲೇ ನಿಂತರು. ಅವರು ಸಭೆಯ ಇನ್ನೊಬ್ಬ ಹಿರಿಯರು, ಸಾಲಿಯಲ್ಲಿ ನಮಗೆ ಲೆಕ್ಕ ಕಲಿಸುವವರು. ಕಿಟಕಿಯ ಕಟ್ಟೆಯ ಮೇಲೆ ಇರುವೆಗಳ ಸಾಲು, ಸಾಲಿನ ತುದಿಯಲ್ಲಿ ಅರ್ಧ ತುಂಡು ಚಪಾತಿ. ಮಾಸ್ತರರು ನಮ್ಮ ಕಡೆ ಹೊರಳಿದರು.

"ಇದನ್ನ ಯಾರು ಇಟ್ಟಾರ ಇಲ್ಲೆ?"

"ನಾನರಿ" ಎಂದಳು ಆಯಿ. ಅಡಗಿಸುವಂಥದ್ದೇನೂ ಅವಳಿಗೆ ಅದರಲ್ಲಿ ಕಾಣಲಿಲ್ಲ.

"ಯಾಕ ತಿನ್ನಲಿಲ್ಲ?"

"ಅರ್ಧಾ ತಿಂದೇನಿ. ಅರ್ಧಾ ಆತಗ ಇಟ್ಟೇನಿ."

"ಯಾರಿಗೆ?"

"ಮತ್ಯಾರಿಗ್ರಿ? ಆತನ ನೆನಪಿಗೆ ಅಂತ ಕೂಡಿಸಿ ಉಣ್ಣಾಕ ಕೊಟ್ರಿ. ಎಲ್ಲಾರೂ ಬಾಯಾಗ ಹಾಕ್ಕೊಂಡ್ರಿ. ಯಾರ ಹೆಸರೀಲೆ ಉಂಡ್ರೋ ಆತಗ ಒಬ್ಬರರ ಒಂದ್ ತುಂಡ ಎತ್ತಿಟ್ರೇನು? ನನಗ ನಾಚಿಗಿ ಬಂತು."

"ಆತ ಸತ್ತಾವಲ್ಲವಾ ನೀಲವ್ವಾ! ಎದ್ದಾನ! ಜೀವಂತ ಅದಾನ!"

"ಜೀವಂತ ಇದ್ರ ಇನ್ನೂ ಛಲೋ ಆತು. ಹಸಿವ್ಯರ ಆಗತೈತಲ್ಲ."

ನಾನು ಕಿಸಕ್ಕನೆ ನಕ್ಕೆ. ಅವ್ವ ನನ್ನ ತೊಡೆ ಚಿವುಟಿದಳು. ಅಪ್ಪ ಗೋಡೆ ನೋಡುತ್ತಾ ನಿಂತಿದ್ದ. ಆ ಸಂಜೆ ನಮ್ಮ ಪಡಸಾಲೆಯಲ್ಲೇ ಹಿರಿಯರು ಕೂಡಿದರು. ಹೆಂಗಸರು ಒಳಗಿರಬೇಕು ಎಂದರು. ಒಳಗೆ ಎಂದರೆ ಬಾಗಿಲ ಹಿಂದೆ, ಎಲ್ಲ ಕೇಳಿಸುತ್ತಿತ್ತು. ಮಾಸ್ತರರ ಮಾತು ಕೆಟ್ಟದ್ದೇನೂ ಆಗಿರಲಿಲ್ಲ. ಸತ್ತವರಿಗೆ ಎಡೆ ಹಿಡಿಯುವುದು ಬೇರೆ, ಇದು ಬೇರೆ. ಇದು ಅವನು ನಮಗೆ ಕೊಟ್ಟ ಊಟ, ನಾವು ಅವನಿಗೆ ಕೊಡುವ ಊಟವಲ್ಲ. ಈ ವ್ಯತ್ಯಾಸ ತಿಳಿಯದೆ ತಿಂದರೆ ತಿಂದವರಿಗೇ ಒಳ್ಳೆಯದಲ್ಲ ಎಂದರು. ಆಯಿಗೆ ಅದು ತಿಳಿಯುವವರೆಗೆ ಅವಳು ಮುಂದೆ ಬರುವುದು ಬೇಡ ಎಂದು ತೀರ್ಮಾನವಾಯಿತು. ಕೊನೆಗೆ ಅಪ್ಪನ ಕಡೆ ತಿರುಗಿ, ನಿಮ್ಮದೇನು ಯೋಸೇಪಪ್ಪಾ ಎಂದು ಕೇಳಿದರು. ಆಮೇಲೆ ಅಪ್ಪನ ದನಿ, ಸಣ್ಣಗೆ: ಆಗಲ್ರಿ.

ರಾತ್ರಿ ಊಟಕ್ಕೆ ಕೂತಾಗ ಆಯಿ ತನ್ನ ತಾಟು ಎತ್ತಿಕೊಂಡು ಪಡಸಾಲೆಗೆ ಹೋದಳು, ಮಗ್ಗದ ಕುಣಿಯ ದಂಡೆಯ ಮೇಲೆ, ನೇಯುತ್ತಿದ್ದ ಸೀರೆಗೆ ಬೆನ್ನು ಮಾಡಿ ಕೂತು ಒಬ್ಬಳೇ ಉಂಡಳು. ಅವ್ವ ಕರೆಯಲು ಹೋದಳು.

"ಅತ್ತಿ, ಬರ್ರಿ ಒಳಗ."

"ಒಂದ ಪಂಕ್ತ್ಯಾಗಿಂದ ಎಬ್ಬಿಸಿದ ಮ್ಯಾಲೆ ಇನ್ನೊಂದರಾಗ ಹ್ಯಾಂಗ ಕೂಡ್ಲಿಬೇ? ನನಗ ಇಲ್ಲೇ ಗಾಳಿ ಛಲೋ ಐತಿ."

ಅಂದಿನಿಂದ ಅದೇ ಆಯಿತು. ಮೂರು ಹೊತ್ತೂ ಆಯಿಯ ತಾಟು ಮಗ್ಗದ ಹತ್ತಿರ, ನಮ್ಮೆಲ್ಲರದು ಒಳಗೆ. ಅಪ್ಪ ತಾಯಿಯನ್ನು ಸಭೆಯ ಊಟದಿಂದ ಎಬ್ಬಿಸಿದ್ದ, ಈಗ ತಾಯಿ ಅವನ ಊಟದಿಂದ ತಾನೇ ಎದ್ದಿದ್ದಳು. ಅವನು ಅರ್ಧ ರೊಟ್ಟಿಗೇ ಕೈ ತೊಳೆಯತೊಡಗಿದ. ಜಗಳವಾಡಿದ್ದರೆ ನಮಗೆಲ್ಲ ಹಗುರಾಗುತ್ತಿತ್ತು, ಇವರು ಆಡುತ್ತಿರಲಿಲ್ಲ. ಕೊನೆಗೊಂದು ದಿನ ಅಪ್ಪನೇ ತಾಟು ಬಿಟ್ಟೆದ್ದು ಪಡಸಾಲೆಗೆ ಹೋದ.

"ಯವ್ವಾ, ಎಡಿ ಹಿಡಿಯೂದ ಬಿಟ್ಟಾಗ ಮಂದಿ ಅಪ್ಪಗ ಏನಂದ್ರು ನೆನಪೈತಿಲ್ಲ? ಹಿರೇರನ್ನ ಉಪಾಸ ಕೆಡವಿದಾವ ಅಂದ್ರು. ಬಾವಿ ಕಟ್ಟಿಗೆ ಬರಗೊಡಲಿಲ್ಲ. ಅಷ್ಟೆಲ್ಲ ತಡಕೊಂಡ ಬಂದು ನೀ ದೇವ್ರ ಮನ್ಯಾಗ ಎಡಿ ಹಿಡದ್ರ, ನಾವ ಯಾಕ ಬಂದ್ವಿ ಹಂಗಾರ?"

"ಎಡಿ ಅಲ್ಲೋ ಯಪ್ಪಾ, ಪಾಲು."

"ಎರಡೂ ಒಂದ."

"ಒಂದಲ್ಲ. ಎಡಿ ಹೆದರಿಕಿಗೆ ಇಡತಾರ. ಹಿರೇರು ಸಿಟ್ಟಾದಾರು ಅಂತ. ಆತ ಸಿಟ್ಟಾಗಂಗಿಲ್ಲ ಅಂತ ನಿಮ್ಮಪ್ಪನ ಹೇಳ್ಯಾನ. ಸಿಟ್ಟಾಗದವಗ ಇಟ್ರ ಅದು ಪಾಲು."

ಅಪ್ಪ ಕುಣಿಗಿಳಿದು ನೇಯಲು ಹತ್ತಿದ. ಊಟದ ಹೊತ್ತಿನಲ್ಲಿ ಲಾಳಿಯ ಸದ್ದು ಕೇಳಿ ಗೌರಕ್ಕ ಗೋಡೆಯ ಆಚೆಯಿಂದ, ಏನಾತ್ರಿ, ಯಾಕ್ರಿ ಎಂದು ಕೂಗಿದಳು.

ಅದೇ ವರ್ಷ ನನ್ನ ಪಾಠ ಶುರುವಾಯಿತು. ಮೊದಲ ಸಲ ಕರ್ತನ ಭೋಜನ ತೆಗೆದುಕೊಳ್ಳುವ ಮಕ್ಕಳಿಗೆ ಅಯ್ಯನವರು ಭಾನುವಾರದ ಆರಾಧನೆ ಮುಗಿದ ಮೇಲೆ ಪಾಠ ಹೇಳುತ್ತಿದ್ದರು. ಧಾರವಾಡದ ಕಡೆಯವರು, ಉದ್ದನೆಯ ಮನುಷ್ಯ. ಕೂತು ಮಾತಾಡುವಾಗ ಮೊಣಕಾಲು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದರು. ಪ್ರಶ್ನೆ ಕೇಳಿದರೆ ಬೈಯುತ್ತಿರಲಿಲ್ಲ, ಆದ್ದರಿಂದ ನಾನು ಕೇಳುತ್ತಲೇ ಇದ್ದೆ.

"ಅಯ್ಯನವರ, ಆತ ಜೀವಂತ ಅದಾನಲ್ರಿ. ಜೀವಂತ ಇದ್ದವರನ್ನ ಯಾರರ ನೆನಪ ಮಾಡ್ಕೋತಾರೇನ್ರಿ?"

"ನಿಮ್ಮಪ್ಪ ಸೀರಿ ಮಾರಾಕ ಜಮಖಂಡಿ ಸಂತಿಗೆ ಹೋಗಿರ್ತಾನ. ನೆನಪ ಮಾಡ್ಕೊಳ್ಳಂಗಿಲ್ಲೇನು ನೀನು?"

"ಮಾಡ್ಕೋತೇನ್ರಿ. ತಿನ್ನಾಕ ಖಾರಾದಾಣಿ ತರ್ತಾನ ಅಂತ."

"ಹಂಗ ತಿಳಕೊ."

"ಆದ್ರ ಅಪ್ಪನ್ನ ನಾ ನೋಡೇನ್ರಿ."

ಅಯ್ಯನವರು ಮೊಣಕಾಲು ಈ ಕಡೆಯಿಂದ ಆ ಕಡೆ ಮಾಡಿದರು. ಆಮೇಲೆ ನಿಧಾನವಾಗಿ ಹೇಳಿದರು. ಆ ರಾತ್ರಿ ಮೇಜಿನ ಸುತ್ತ ಕೂತಿದ್ದವರೆಲ್ಲ ಅವನ ಗೆಳೆಯರು. ಹೊತ್ತು ಮೂಡುವುದರೊಳಗೆ ಅವರು ಓಡಿಹೋಗುತ್ತಾರೆ, ಒಬ್ಬನಂತೂ ಅವನ ಗುರುತೇ ಇಲ್ಲ ಎನ್ನುತ್ತಾನೆ. ಅದು ಅವನಿಗೆ ಮೊದಲೇ ಗೊತ್ತಿತ್ತು. ಮನುಷ್ಯರು ಮರೆಯುತ್ತಾರೆ, ಒಳ್ಳೆಯವರೂ ಮರೆಯುತ್ತಾರೆ. ಬೆಟ್ಟದ ಮೇಲೆ ಬರೆದಿಟ್ಟರೆ ಬೆಟ್ಟ ಹತ್ತುವವರಿಲ್ಲ, ಆದರೆ ಊಟ ಬಿಡುವವರು ಯಾರೂ ಇಲ್ಲ. ಅದಕ್ಕೇ ಅವನು ತನ್ನ ಸಾವನ್ನು, ತನ್ನ ಪ್ರೀತಿಯನ್ನು ರೊಟ್ಟಿಗೆ ಕಟ್ಟಿಟ್ಟ. ನೆನಪು ಬೇಕಾಗಿರುವುದು ಅವನಿಗಲ್ಲ, ನಮಗೆ. ಹೀಗೆ ಹೇಳಿ, ತಿಳೀತೇನು ಎಂದು ಕೇಳಿದರು. ತಿಳಿಯಿತು ಎಂದೆ. ಮನೆ ಮುಟ್ಟುವುದರೊಳಗೆ ಮತ್ತೆ ಗೊಂದಲವಾಯಿತು. ಮರೆಯಬಾರದು ಎಂದು ಮಾಡುವುದಾದರೆ ಆಯಿ ಮರೆತಿರಲೇ ಇಲ್ಲ. ಎಲ್ಲರಿಗಿಂತ ಹೆಚ್ಚು ನೆನಪಿಟ್ಟುಕೊಂಡವಳನ್ನೇ ಎಬ್ಬಿಸಿದ್ದಾರೆ. ಆದರೆ ಮಾಸ್ತರರು ಹೇಳಿದ್ದೂ ಖರೆ ಅನಿಸುತ್ತಿತ್ತು. ಎರಡೂ ಖರೆ ಇದ್ದರೆ ಆಯಿಯ ತಾಟು ಮಗ್ಗದ ಹತ್ತಿರ ಯಾಕಿದೆ?

ಮಹಾನವಮಿಯ ಮುಂಚಿನ ಅಮಾವಾಸ್ಯೆ ಬಂತು. ಗೌರಕ್ಕನ ಮನೆಯಲ್ಲಿ ಹಿರಿಯರಿಗೆ ಎಡೆ. ಗೋಡೆಗೆ ಒರಗಿಸಿ ಹೊಸ ಧೋತರ, ಹೊಸ ಸೀರೆ, ಮುಂದೆ ಬಾಳೆ ಎಲೆಯ ತುಂಬ ಹೋಳಿಗೆ, ಕಡುಬು, ಬದನೆಕಾಯಿ ಪಲ್ಯ. ನಾನು ಹಿತ್ತಲಿನಿಂದ ಹೋಗಿ ಅವರ ಬಾಗಿಲಲ್ಲಿ ನಿಂತೆ. ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆ ಮಾಡಿ, ಒಳಗಿನವರು ಉಣ್ಣಲೆಂದು ಕಾದರು. ಗೌರಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು, ನಮ್ಮ ಅತ್ತಿಗೆ ಬದನಿಕಾಯಿ ಅಂದ್ರ ಜೀವ ಎಂದಳು. ಆ ಅತ್ತೆ ಬದುಕಿದ್ದಾಗ ಇಬ್ಬರೂ ಓಣಿಗೆಲ್ಲ ಕೇಳುವಂತೆ ಕಿತ್ತಾಡುತ್ತಿದ್ದದ್ದು ನನಗೆ ಗೊತ್ತಿತ್ತು. ತಿರುಗಿ ಬಂದು ಆಯಿಗೆ ಎಲ್ಲ ಹೇಳಿದೆ. ಅವಳು ಕಂಡಿಕೆ ಸುತ್ತುತ್ತಿದ್ದಳು, ಎಂದರೆ ಲಾಳಿಯೊಳಗೆ ಕೂಡುವ ಸಣ್ಣ ಕೊಳವೆಗೆ ರಾಟಿಯಿಂದ ನೂಲು ಸುತ್ತುವ ಕೆಲಸ. ಅದು ನಮ್ಮ ಮನೆಯಲ್ಲಿ ಮುದುಕರದು ಮತ್ತು ಮಕ್ಕಳದು. ರಾಟಿ ನಿಲ್ಲಿಸದೆಯೇ ಕೇಳಿದಳು.

"ಕಡೀಕ ಆ ಹೋಳಿಗಿ ಯಾರ ತಿಂದ್ರು?"

"ಅವ್ರ ತಿಂದ್ರು. ನನಗೂ ಒಂದ ಕೊಟ್ಳು."

"ತಿಂದ್ಯಾ?"

"ಹೂಂ."

"ನಿಮ್ಮಪ್ಪಗ ಹೇಳಬ್ಯಾಡ. ಬಾಯಿ ಒರಸ್ಕೊ, ತುಪ್ಪ ಹತ್ತೈತಿ."

ಆಯಿಗೆ ಓದು ಬರುತ್ತಿರಲಿಲ್ಲ. ಆದರೂ ನನ್ನ ಪಾಠ ಒಪ್ಪಿಸಿಕೊಳ್ಳುವವಳು ಅವಳೇ. ಅಯ್ಯನವರು ಕೇಳುವ ಪ್ರಶ್ನೆಗಳನ್ನು ನನ್ನ ಬಾಯಿಂದಲೇ ಕಲಿತು ನನಗೇ ಕೇಳುತ್ತಿದ್ದಳು. ತಾನು ಯಾವ ಉತ್ತರ ತಪ್ಪಿ ಹಿಂದೆ ಉಳಿದಳೋ ಅದನ್ನೇ ನಾನು ತಪ್ಪದ ಹಾಗೆ ಗಟ್ಟಿ ಮಾಡಿಸುತ್ತಿದ್ದಳು. ಈ ರೊಟ್ಟಿಯನ್ನು ಯಾಕೆ ತೆಗೆದುಕೊಳ್ಳುತ್ತೀ? ಕರ್ತನ ಮರಣವನ್ನು ನೆನಸುವುದಕ್ಕೆ. ನೀನು ಅವನಿಗೆ ಏನು ಕೊಡುತ್ತೀ? ಏನೂ ಇಲ್ಲ, ಅವನೇ ಎಲ್ಲ ಕೊಟ್ಟಿದ್ದಾನೆ. ಈ ಉತ್ತರ ಬಂದಾಗಲೆಲ್ಲ ರಾಟಿ ಒಂದು ಗಳಿಗೆ ನಿಂತು, ಮತ್ತೆ ತಿರುಗುತ್ತಿತ್ತು.

"ಆಯಿ, ನೀನೂ ಹಿಂಗ ಅಂದ್ಬಿಡಬೇ. ಅಂದ್ರ ನನ್ನ ಮಗ್ಗಲಾ ಕೂಡಬಹುದು."

"ಬಾಯಿಲೆ ಅನ್ನಾಕ ಬರತೈತಿ. ಕೈ ಕೇಳಬೇಕಲ್ಲ. ಕೈಗೆ ರೂಢಿ ಬಿದ್ದೈತಿ, ಇಡೂದು."

"ಅಂದು ತೋರ್ಸು."

"ಅವನ ಎಲ್ಲಾ ಕೊಟ್ಟಾನ" ಎಂದಳು. ರಾಟಿ ತಿರುವಿ, "ಅವಗ ಯಾರ ಕೊಟ್ಟಾರ?" ಎಂದು ನನ್ನನ್ನೇ ಕೇಳಿದಳು.

ನಾನು ಮೊದಲ ಸಲ ಭೋಜನ ತೆಗೆದುಕೊಳ್ಳುವ ಭಾನುವಾರಕ್ಕೆಂದು ಅಪ್ಪ ತನ್ನ ಕೈಯಾರೆ ಬಿಳಿ ಸೀರೆ ನೇಯ್ದ. ಕೆಂಪು, ಹಸಿರು ಬಿಟ್ಟು ಬೇರೆ ಬಣ್ಣ ಕಾಣದ ಮಗ್ಗದ ಮೇಲೆ ಬಿಳಿ ನೂಲಿನ ಹಾಸು ಏರಿದ್ದನ್ನು ನೋಡಿ ಗೌರಕ್ಕ ಎದೆಯ ಮೇಲೆ ಕೈ ಇಟ್ಟುಕೊಂಡಳು, ಲಗ್ನ ಆಗದ ಹುಡುಗಿಗೆ ಬಿಳಿ ಸೀರಿ ಉಡಸ್ತೀರೇನ್ರಿ ಯಪ್ಪಾ ಎಂದು. ಆ ತಿಂಗಳು ಅಯ್ಯನವರು ಮಕ್ಕಳ ಪರೀಕ್ಷೆ ಮಾಡಬೇಕೆಂದು ಶನಿವಾರವೇ ಬಂದರು. ನಾನು ಎಲ್ಲ ಉತ್ತರ ಸರಿಯಾಗಿ ಹೇಳಿದೆ, ಒಂದೂ ತಿಳಿಯದೆ. ಆಮೇಲೆ ಅವ್ವ ಕೊಟ್ಟ ಚಹಾ ಹಿಡಿದುಕೊಂಡು ಅವರು ಪಡಸಾಲೆಗೆ ಹೋಗಿ, ಆಯಿಯ ಎದುರು ಮೊಣಕಾಲು ಮಡಚಿ ಕೂತರು. ಅಪ್ಪ ಕಂಬಕ್ಕೆ ಒರಗಿ ನಿಂತ. ಅಪ್ಪನಿಗೆ ಇದ್ದ ಆಸೆ ನನಗೆ ಗೊತ್ತಿತ್ತು: ತಾಯಿ ಒಂದು ಮಾತು, ತಪ್ಪಾತ್ರಿ ಎಂದು ಅಂದುಬಿಡಲಿ.

"ಆಯಿ, ನೀವ ಇಟ್ಟಿದ್ದನ್ನ ಯಾರ ತಿಂತಾರ?"

"ಇರಬಿ ತಿಂತಾವ. ಒಮ್ಮೊಮ್ಮಿ ಗುಬ್ಬಿ ಬರ್ತಾವ."

"ಮತ್ತ ಆತಗ ಹ್ಯಾಂಗ ಮುಟ್ಟತೈತಿ?"

"ಅದನ್ನ ನೀವ ಹೇಳಬೇಕ್ರಿ. ನೀವ ಓದಿದವರು."

"ನೋಡ್ರಿ ಆಯಿ, ಆತ ಬಾಗಲಾಗ ನಿಂತು ಬೇಡಾವಲ್ಲ. ಆತ ನಮಗ ಉಣಸಾವ."

"ಅದ ನಾನೂ ಹೇಳೂದ್ರಿ. ನಮ್ಮ ಮಾರ್ತಾ ಮನಿಮಂದಿಗೆಲ್ಲಾ ಉಣಸ್ತಾಳ. ಆಕಿ ಉಣ್ಣೂದು ಕಡೀಕ. ಆಕಿಗೆ ಅಂತ ಒಂದ ರೊಟ್ಟಿ ಮುಚ್ಚಿ ಇಡದ ನಾವ ಪುಟ್ಟಿ ಬರಿದ ಮಾಡಿದ್ರ ಹ್ಯಾಂಗ್ರಿ?"

ಅಯ್ಯನವರು ಅವ್ವನ ಕಡೆ ನೋಡಿದರು. ಅವ್ವ ನಾಚಿ ಒಳಗೆ ಹೋದಳು. ಅಯ್ಯನವರು ಅದು ಹಾಗಲ್ಲ ಎಂದು ಶುರುಮಾಡಿ, ಚಹಾ ಕುಡಿದು, ಮತ್ತೆ ಅದು ಹಾಗಲ್ಲ ಎಂದರು. ನಾಳೆ ಮುಂದೆ ಬರ್ತೀರೇನು ಎಂದು ಕೇಳಿದಾಗ ಆಯಿ ತಲೆ ಅಲ್ಲಾಡಿಸಿದಳು.

"ಬರಬ್ಯಾಡ ಅಂತ ನನ್ನ ಮಗನ ಅಂದಾನ್ರಿ. ನಾ ಬಂದು ಆತನ ಮಾತ ಮುರಿಯಂಗಿಲ್ಲ. ಹಿಂದ ಕೂತ ನೋಡ್ತೀನಿ."

ಕಂಬಕ್ಕೆ ಒರಗಿದ್ದ ಅಪ್ಪ ಹಿತ್ತಲಿಗೆ ಹೋದ. ಬಹಳ ಹೊತ್ತು ಕೈಕಾಲು ತೊಳೆಯುವ ಸದ್ದು ಬರುತ್ತಲೇ ಇತ್ತು.

ಭಾನುವಾರ ನಾನು ಮೊದಲ ಸಲ ಮುಂದೆ ಹೋಗಿ ಮೊಣಕಾಲೂರಿದೆ. ಹೊಸ ಸೀರೆಯ ಗಂಜಿ ಬಿಟ್ಟಿರಲಿಲ್ಲ, ಅದು ನನಗಿಂತ ಮುಂಚೆ ಕೂತು ನನಗಿಂತ ಆಮೇಲೆ ಏಳುತ್ತಿತ್ತು. ಎಡಕ್ಕೆ ಅವ್ವ. ಬಲಕ್ಕೆ ಜಾಗ ಖಾಲಿ, ಅದನ್ನು ಯಾರೂ ತುಂಬಲಿಲ್ಲ. ಅಯ್ಯನವರು ಅಂಗೈಯಲ್ಲಿ ತುಂಡು ಇಟ್ಟರು. ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ನೆನಸಲು ಶುರುಮಾಡಿದೆ. ಶಿಲುಬೆ ಎಂದುಕೊಂಡೆ, ಮೊಳೆ ಎಂದುಕೊಂಡೆ, ಮೇಜಿನ ಸುತ್ತ ಕೂತವರು ಎಂದುಕೊಂಡೆ. ಎಲ್ಲ ಕ್ಯಾಲೆಂಡರಿನ ಚಿತ್ರದ ಹಾಗೆ ಬಂದು ಹೋದವು. ಉಪ್ಪಿಲ್ಲದ ಚಪಾತಿ ಬಾಯಲ್ಲಿ ಸುಮ್ಮನೆ ತಿರುಗುತ್ತಿತ್ತು. ಭಯವಾಯಿತು, ನೆನಪಾಗದೇ ನುಂಗಿದರೆ ಏನಾಗುತ್ತದೋ ಎಂದು. ಕದ್ದು ಹಿಂದೆ ತಿರುಗಿ ನೋಡಿದೆ. ಕಿಟಕಿಯ ಕೆಳಗೆ ಒಬ್ಬಳೇ ಕೂತ ಆಯಿ ನನ್ನನ್ನೇ ನೋಡುತ್ತಿದ್ದಳು. ಕೂಸಿಗೆ ಉಣಿಸುವವರು ಕೂಸಿನ ಜೊತೆ ತಾವೂ ಬಾಯಿ ಆಡಿಸುತ್ತಾರಲ್ಲ, ಹಾಗೆ ಅವಳ ಖಾಲಿ ಬಾಯಿ ನನ್ನ ಜೊತೆ ಮೆಲ್ಲಗೆ ಅಗಿಯುತ್ತಿತ್ತು. ನನ್ನ ಗಂಟಲಲ್ಲಿ ತುಂಡು ಇಳಿದಾಗ ಅವಳೂ ನುಂಗಿದಳು.

ಎಲ್ಲರದೂ ಆಯಿತು. ತಾಟಿನಲ್ಲಿ ಒಂದು ತುಂಡು ಉಳಿದಿತ್ತು. ಉಳಿದದ್ದನ್ನು ಇಡುವಂತಿಲ್ಲ, ಚೆಲ್ಲುವಂತಿಲ್ಲ, ಅಯ್ಯನವರೇ ತಿಂದು ಮುಗಿಸಬೇಕು, ಅದು ನಮ್ಮಲ್ಲಿನ ನೇಮ. ಅಯ್ಯನವರು ಅದನ್ನು ತಿನ್ನದೆ ನಿಂತರು. ಆಗ ಅಪ್ಪ ಎದ್ದ. ಎದ್ದು ಹಿಂದೆ ಕೂತಿದ್ದ ತಾಯಿಯ ಕಡೆ ಕೈ ತೋರಿಸಿದ. ಮಾಸ್ತರರು ತಲೆ ತಗ್ಗಿಸಿದರು, ಬೇಡ ಎನ್ನಲಿಲ್ಲ. ಅಯ್ಯನವರು ಒಂದು ಕೈಯಲ್ಲಿ ತಾಟು, ಇನ್ನೊಂದರಲ್ಲಿ ಲೋಟ ಹಿಡಿದು ಹೆಂಗಸರ ನಡುವೆ ದಾರಿ ಮಾಡಿಕೊಂಡು ಕಿಟಕಿಯ ಹತ್ತಿರ ಹೋಗಿ ಬಾಗಿದರು. ಆಯಿ ಮಗನನ್ನು ನೋಡಿದಳು. ಆಮೇಲೆ ತಾಟಿನ ತುಂಡು ಎತ್ತಿಕೊಂಡು, ಎಲ್ಲರ ಎದುರೇ, ಎರಡು ಮಾಡಿದಳು. ಒಂದನ್ನು ಬಾಯಿಗೆ ಹಾಕಿಕೊಂಡಳು. ಇನ್ನೊಂದು ಹಿಡಿದ ಕೈ ಕಿಟಕಿಯ ಕಡೆ ಏರಿತು, ಅರ್ಧಕ್ಕೆ ನಿಂತಿತು. ಅವಳ ಕಣ್ಣು ಮಗನ ಕಡೆ ಹೋಯಿತು, ಕಿಟಕಿಯ ಕಡೆ ಹೋಯಿತು. ಆಮೇಲೆ ಕೈ ತಿರುಗಿ, ಬಾಗಿ ನಿಂತಿದ್ದ ಅಯ್ಯನವರ ಬಾಯಿಯ ಮುಂದೆ ಬಂತು. ಅಯ್ಯನವರ ಎರಡೂ ಕೈ ತುಂಬಿದ್ದವು. ಅವರು ಬಾಯಿ ತೆರೆದರು, ಆಯಿ ಇಟ್ಟಳು, ಅವರು ತಿಂದರು.

ಅದನ್ನು ಏನೆಂದು ಕರೆಯಬೇಕು ಎನ್ನುವುದು ನಮ್ಮ ಸಭೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಉಳಿದದ್ದನ್ನು ಅಯ್ಯನವರು ತಿನ್ನುವುದೇ ನೇಮ, ನೇಮದಂತೆಯೇ ಆಯಿತು ಎಂದರು ಮಾಸ್ತರರು. ಆಯಿ ಇಟ್ಟ ಪಾಲು ಮುಟ್ಟಿತು ಎಂದರು ಹೆಂಗಸರು. ಅಯ್ಯನವರನ್ನೇ ಕೇಳಿದರೆ, ಕೈ ಖಾಲಿ ಇರಲಿಲ್ಲವಲ್ಲ ಎಂದು ಕೆಮ್ಮಿದರು. ಆ ಮಧ್ಯಾಹ್ನ ಆಯಿ ತನ್ನ ತಾಟು ತಂದು ಒಳಗೆ ಕೂತಳು. ಅಪ್ಪ ತಲೆ ಎತ್ತದೆ ಸರಿದು ಜಾಗ ಕೊಟ್ಟ, ಪಲ್ಯದ ಬಟ್ಟಲನ್ನು ಅವಳ ಕಡೆ ತಳ್ಳಿದ. ಪಲ್ಯಕ್ಕೆ ಉಪ್ಪು ಹೆಚ್ಚಾಗೈತಿ ಎಂದು ಅವಳು ಅವ್ವನ ಮೇಲೆ ರೇಗಿದಳು. ಮನೆ ಮತ್ತೆ ಮನೆಯ ಹಾಗಾಯಿತು.

ನನಗೆ ಮಾತ್ರ ಒಂದು ಉಳಿದಿತ್ತು. ಊಟವಾಗಿ ಎಲ್ಲರೂ ಅಡ್ಡಾದ ಮೇಲೆ ಆಯಿಯ ಕಾಲ ಹತ್ತಿರ ಹೋಗಿ ಕೂತೆ.

"ಆಯಿ, ತುಂಡು ಬಾಯಾಗ ಇದ್ದಾಗ ನಿನಗ ಆತ ನೆನಪಾದನೇನು?"

"ಖರೆ ಹೇಳ್ಲಿ? ಅಯ್ಯನವರ ಹಲ್ಲು ನನ್ನ ಬೆರಳಿಗೆ ತಾಕಿತು. ನಗಿ ಬಂತು, ತಡಕೊಳ್ಳೂದ್ರಾಗ ಎಲ್ಲಾ ಇಳದ ಹೋತು. ನಿನಗ?"

"ಆತ ನೆನಪಾಗಲಿಲ್ಲಬೇ. ನೀ ನೆನಪಾದಿ."

ಆಯಿ ಎದ್ದು ಕೂತು ನನ್ನ ಮುಖ ನೋಡಿದಳು.

"ಹುಚ್ಚಿ, ನಾ ಅಲ್ಲೇ ಹಿಂದ ಕೂತಿದ್ನಲ್ಲಬೇ!"